ಹಳೆಯ ಜೀಪಿಗೆ ಯಾವ ಡೀಸೆಲ್ ಎಂಜಿನ್?

ಹಳೆಯ ಮಹೀಂದ್ರ ಜೀಪು ಕೊಳ್ಳಲು ಹೊರಟವರು ಮೊದಲು ಬಾಡಿ ನೋಡುತ್ತಾರೆ, ಆಮೇಲೆ ಟಯರು, ಆಮೇಲೆ ಬೆಲೆ. ಎಂಜಿನ್ ಯಾವುದು ಎಂದು ಕೇಳಿದರೆ ಮಾರುವವನೂ ಕೊಳ್ಳುವವನೂ ಒಂದೇ ಉಸಿರಿಗೆ ‘ಡೀಸೆಲ್’ ಎನ್ನುತ್ತಾರೆ. ಆ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಯಂತ್ರಗಳು ಅಡಗಿವೆ ಎಂಬುದು ಬಾನೆಟ್ ಎತ್ತಿದ ಮೇಲೆ ಗೊತ್ತಾಗುತ್ತದೆ. ಟ್ರ್ಯಾಕ್ಟರಿಗೆಂದು ಹುಟ್ಟಿದ್ದು, ಫ್ರಾನ್ಸಿನ ಕಾರಿಗೆಂದು ಹುಟ್ಟಿದ್ದು, ವ್ಯಾನಿನಿಂದ ಬಂದದ್ದು, ಕ್ವಾಲಿಸಿನಿಂದ ಇಳಿಸಿದ್ದು. ಒಂದರ ಗುಣ ಇನ್ನೊಂದಕ್ಕಿಲ್ಲ. ಒಂದು ಕೆಡುವ ಹಾಗೆ ಇನ್ನೊಂದು ಕೆಡುವುದೂ ಇಲ್ಲ.

ತೋಟದ ಮನೆಯ ಪಕ್ಕ ಒಂದು ಶೆಡ್ಡು, ಒಂದೆರಡು ಸೆಟ್ ಸ್ಪ್ಯಾನರು, ಒಂದು ಟಾರ್ಕ್ ರೆಂಚು, ಭಾನುವಾರದ ಬಿಡುವು. ಇಷ್ಟಿಟ್ಟುಕೊಂಡು ಗಾಡಿಯನ್ನು ತಾವೇ ನೋಡಿಕೊಳ್ಳಬೇಕೆನ್ನುವವರಿಗೆ ಈ ಬರಹ. ಅಂಥವರು ಅಶ್ವಶಕ್ತಿಯ ಪಟ್ಟಿ ಹಿಡಿದು ಎಂಜಿನ್ ಆರಿಸಿದರೆ ಕೆಲಸ ಕೆಟ್ಟಿತು. ಕೇಳಬೇಕಾದ ಪ್ರಶ್ನೆ ಬೇರೆ: ಈ ಎಂಜಿನ್ ಕೆಟ್ಟರೆ ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ? ಆ ಕೆಲಸ ನನ್ನ ಕೈಗೆ ಹತ್ತುತ್ತದೆಯೇ? ಸಾಮಾನು ನಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆಯೇ?

ಕೊಡಚಾದ್ರಿ ಹತ್ತುವ ಜೀಪುಗಳನ್ನೋ ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವ ಜೀಪುಗಳನ್ನೋ ಒಮ್ಮೆ ಗಮನಿಸಿದರೆ ಈ ಪ್ರಶ್ನೆಗಳ ತೂಕ ತಿಳಿಯುತ್ತದೆ. ಅಲ್ಲಿ ಗಾಡಿಯ ವೇಗ ನಡೆಯುವ ಮನುಷ್ಯನಿಗಿಂತ ಚೂರು ಹೆಚ್ಚು. ಲೋ ಗೇರು ಬಿದ್ದಿರುತ್ತದೆ, ಗಾಳಿ ರೇಡಿಯೇಟರಿಗೆ ತಾನಾಗಿ ನುಗ್ಗುವುದಿಲ್ಲ, ಫ್ಯಾನ್ ಎಳೆದಷ್ಟೇ. ಅಂಥ ಹೊತ್ತಿನಲ್ಲಿ ಬೇಕಾಗುವುದು ಕಡಿಮೆ ಸುತ್ತಿನಲ್ಲೇ ಸಿಗುವ ಎಳೆತ, ಮತ್ತು ಬಿಸಿಯಾದರೂ ಹೆಡ್ ಬಾಗದ ಗಟ್ಟಿತನ.

ಎರಡು ವಂಶಗಳು

ಮುಂಬೈಯಲ್ಲಿ 1947ರಲ್ಲಿ ಶುರುವಾದ ವಿಲ್ಲೀಸ್ ಜೀಪಿನ ಜೋಡಣೆ ಬಹುಕಾಲ ಪೆಟ್ರೋಲ್ ಎಂಜಿನ್ನಿನ ಮೇಲೆಯೇ ನಡೆಯಿತು. 2.2 ಲೀಟರಿನ ಆ ಹರಿಕೇನ್ ಎಂಜಿನ್ ಕುಡಿಯುವ ಪೆಟ್ರೋಲನ್ನು ತಡೆಯಲಾರದೆ ಜನ ಡೀಸೆಲ್ ಹುಡುಕಿದರು. ಡೀಸೆಲ್ ಕಂಪನಿಯ ಕೈಯಳತೆಯಲ್ಲೇ ಇತ್ತು. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಮಹೀಂದ್ರ 1963ರಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿತ್ತು. ಅದರ ಬಿ-275 ಟ್ರ್ಯಾಕ್ಟರು 1965ರಲ್ಲಿ ಹೊಲಕ್ಕಿಳಿಯಿತು. 1977ರಲ್ಲಿ ಆ ಕಂಪನಿ ಮಹೀಂದ್ರದಲ್ಲೇ ವಿಲೀನವಾಯಿತು. ಹೀಗೆ ಟ್ರ್ಯಾಕ್ಟರಿನ ನಾಲ್ಕು ಸಿಲಿಂಡರ್ ಎಂಜಿನ್ ಜೀಪಿನ ಬಾನೆಟ್ಟಿನೊಳಗೆ ಬಂತು. ಇಂದಿಗೂ ಹಳಬರು ಇಂಥ ಗಾಡಿಯನ್ನು ‘ಇಂಟರ್‌ನ್ಯಾಷನಲ್ ಜೀಪು’ ಎಂದೇ ಕರೆಯುತ್ತಾರೆ.

ಅದರ ಅಳತೆ ಇಂಚಿನದು: ಬೋರು ಮೂರೂಕಾಲಿಂಚಿಗಿಂತ ತುಸು ಹೆಚ್ಚು (85.7 ಮಿ.ಮೀ.), ಸ್ಟ್ರೋಕು ಸರಿಯಾಗಿ ನಾಲ್ಕಿಂಚು. ಒಟ್ಟು ಸುಮಾರು 2350 ಸಿಸಿ. ಆಮೇಲೆ ಬೋರನ್ನು ಮೂರೂವರೆ ಇಂಚಿಗೆ, ಅಂದರೆ 88.9 ಮಿ.ಮೀ.ಗೆ ಹಿಗ್ಗಿಸಿ, ಸ್ಟ್ರೋಕನ್ನು ಹಾಗೇ ಬಿಟ್ಟಾಗ ಬಂದದ್ದು 2523 ಸಿಸಿ. ಇದೇ ‘ಡಿಐ’ ಎಂದು ಹೆಸರಾದದ್ದು. ಟರ್ಬೊ ಕೂರಿಸಿಕೊಂಡು 2000ದಲ್ಲಿ ಬಂದ ಬೊಲೆರೊದಲ್ಲೂ 2010ರ ಥಾರ್ ಡಿಐನಲ್ಲೂ ಓಡಿದ್ದು ಇದೇ 2523. ಆ ಎರಡರಲ್ಲೂ ಅದರ ಶಕ್ತಿ 63 ಅಶ್ವಶಕ್ತಿ, ಅದೂ 3200 ಸುತ್ತಿಗೆ. ಕಾಗದದ ಮೇಲೆ ಬಡಕಲು ಸಂಖ್ಯೆ, ಏರಿನಲ್ಲಿ ಹಾಗನಿಸುವುದಿಲ್ಲ.

ಇನ್ನೊಂದು ವಂಶ ಫ್ರಾನ್ಸಿನ ಪ್ಯೂಜೊದ್ದು. 1979ರಲ್ಲಿ ಮಹೀಂದ್ರ ಪ್ಯೂಜೊದಿಂದ ಪರವಾನಗಿ ಪಡೆದು ಎಕ್ಸ್‌ಡಿಪಿ 4.90 ಎಂಬ ಎಂಜಿನ್ನನ್ನು ಇಲ್ಲೇ ಮಾಡಲು ಹೊರಟಿತು. ಬೋರು 90 ಮಿ.ಮೀ., ಸ್ಟ್ರೋಕು 83. ಬೋರಿಗಿಂತ ಸ್ಟ್ರೋಕು ಗಿಡ್ಡ, ಅಂದರೆ ಸುತ್ತು ತಿರುಗಲು ಹುಟ್ಟಿದ ಎಂಜಿನ್. 2112 ಸಿಸಿ, 4500 ಸುತ್ತಿಗೆ 62 ಅಶ್ವಶಕ್ತಿ. ಎಂಎಂ540 ಎಂಬ ಜೀಪನ್ನು ನೆನಪಿಟ್ಟುಕೊಂಡವರು ನೆನಪಿಟ್ಟುಕೊಂಡಿರುವುದು ಈ ಎಂಜಿನ್ನಿನ ದನಿಯನ್ನೂ. ಇದರ ತಮ್ಮ ಎಕ್ಸ್‌ಡಿ3ಪಿ: 94ಕ್ಕೆ 90, ಒಟ್ಟು 2498 ಸಿಸಿ, ಸುಮಾರು 72 ಅಶ್ವಶಕ್ತಿ. ಅರ್ಮಾಡಾ ಮತ್ತು ಎಂಎಂ550ರ ಕೆಲವು ಮಾದರಿಗಳಲ್ಲಿ ಸಿಗುತ್ತದೆ.

ಉರಿ ಎಲ್ಲಿ ಹೊತ್ತುತ್ತದೆ

ಪ್ಯೂಜೊದಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹಜಾರಕ್ಕೆ ಅಂಟಿಕೊಂಡ ಸಣ್ಣ ಕೋಣೆಯ ಹಾಗೆ ಹೆಡ್ಡಿನೊಳಗೇ ಒಂದು ಗುಂಡನೆಯ ಗೂಡಿದೆ. ಪಿಸ್ಟನ್ ಮೇಲೆ ಬರುವಾಗ ಗಾಳಿ ಕಿರಿದಾದ ಕಂಡಿಯಿಂದ ಆ ಗೂಡಿಗೆ ನುಗ್ಗಿ ಸುಳಿಯಾಗಿ ತಿರುಗುತ್ತದೆ, ನಾಜಲ್ ಅಲ್ಲಿ ಡೀಸೆಲ್ ಸಿಂಪಡಿಸುತ್ತದೆ, ಹೊತ್ತಿದ ಉರಿ ಅದೇ ಕಂಡಿಯಿಂದ ಹೊರನುಗ್ಗಿ ಪಿಸ್ಟನ್ ಒತ್ತುತ್ತದೆ. ಬ್ರಿಟನ್ನಿನ ರಿಕಾರ್ಡೊ ಸಂಸ್ಥೆಯ ‘ಕಾಮೆಟ್’ ವಿನ್ಯಾಸ ಇದು. ಲಾಭ: ಉರಿ ಮೆತ್ತಗೆ ಹೊತ್ತುತ್ತದೆ, ಸದ್ದು ಕಡಿಮೆ, ಸುತ್ತು ಚೆನ್ನಾಗಿ ಏರುತ್ತದೆ. ನಷ್ಟ: ಗೂಡಿನ ಗೋಡೆ ಮತ್ತು ಕಂಡಿ ಉರಿಯ ಬಿಸಿಯನ್ನು ಹೀರಿ ನೀರಿಗೆ ದಾಟಿಸುತ್ತವೆ. ಅಷ್ಟು ಬಿಸಿ ಚಕ್ರಕ್ಕೆ ದಕ್ಕಲಿಲ್ಲ, ರೇಡಿಯೇಟರಿನ ಪಾಲಾಯಿತು. ಆದ್ದರಿಂದ ಡೀಸೆಲ್ ಸ್ವಲ್ಪ ಹೆಚ್ಚು ಬೇಕು, ರೇಡಿಯೇಟರು ಸರಿಯಾಗಿರಬೇಕು, ಚಳಿಯ ಬೆಳಿಗ್ಗೆ ಹೀಟರ್ ಪ್ಲಗ್ ಕೆಂಪಗಾಗುವವರೆಗೆ ಕಾಯಬೇಕು.

ಡಿಐ ಎಂದರೆ ಡೈರೆಕ್ಟ್ ಇಂಜೆಕ್ಷನ್. ಗೂಡಿಲ್ಲ. ಪಿಸ್ಟನ್ ತಲೆಯ ಮೇಲೆ ಕೊರೆದ ಬಟ್ಟಲಿಗೇ ಡೀಸೆಲ್ ಬೀಳುತ್ತದೆ. ಬಿಸಿ ಸೋರುವ ಮೈ ಕಡಿಮೆ, ಹಾಗಾಗಿ ಮೈಲೇಜು ಉತ್ತಮ, ನೀರು ಬೇಗ ಕುದಿಯುವುದಿಲ್ಲ, ಬ್ಯಾಟರಿ ಮಂಕಾಗಿದ್ದರೂ ಅರ್ಧ ಸುತ್ತಿಗೆ ಹಿಡಿದುಕೊಳ್ಳುತ್ತದೆ. ಪ್ರತಿಯಾಗಿ ಕಟಕಟ ಸದ್ದು, ಮತ್ತು ಐಡಲಿಂಗಿನಲ್ಲಿ ಕನ್ನಡಿಯೊಳಗಿನ ಮುಖ ಕಾಣದಷ್ಟು ನಡುಕ. ಜೀಪಿನಲ್ಲಿ ಕೂತು ಮಾತಾಡುವ ಆಸೆ ಇರುವವರು ಈ ಬಗ್ಗೆ ಮೊದಲೇ ಯೋಚಿಸಬೇಕು.

ಮುಂದಿರುವುದು ಯಾವ ಬಗೆ ಎಂದು ಗುರುತಿಸುವುದು ಸುಲಭ. ಹೆಡ್ಡಿನಲ್ಲಿ ಪ್ರತಿ ನಾಜಲ್ಲಿನ ಪಕ್ಕ ಪೆನ್ಸಿಲ್ ಗಾತ್ರದ ಇನ್ನೊಂದು ಪ್ಲಗ್ ಇದ್ದು, ನಾಲ್ಕನ್ನೂ ಒಂದು ತಂತಿಯೋ ಪಟ್ಟಿಯೋ ಸೇರಿಸಿದ್ದರೆ ಅದು ಗೂಡಿನ ಎಂಜಿನ್. ಬಾನೆಟ್ಟಿನ ಮೇಲಿನ ಸ್ಟಿಕರನ್ನು ನಂಬಬೇಡಿ. ಬಾನೆಟ್ಟೂ ಎಂಜಿನ್ನೂ ಬೇರೆ ಬೇರೆ ಗಾಡಿಯಿಂದ ಬಂದಿರಬಹುದು.

ಹೆಡ್ಡೇ ತಲೆನೋವು

ಮನೆ ರಿಪೇರಿಯ ದೃಷ್ಟಿಯಿಂದ ಈ ಎರಡು ವಂಶಗಳ ನಿಜವಾದ ಅಂತರ ಇರುವುದು ಹೆಡ್ಡಿನಲ್ಲಿ. ಟ್ರ್ಯಾಕ್ಟರ್ ವಂಶದ್ದು ಬೀಡುಕಬ್ಬಿಣದ ಹೆಡ್, ಬೀಡುಕಬ್ಬಿಣದ ಬ್ಲಾಕ್. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಕುಗ್ಗುತ್ತವೆ. ಹೆಡ್ ಎತ್ತಲು ಇಬ್ಬರು ಬೇಕು, ಆದರೆ ಅದು ಅಷ್ಟು ಬೇಗ ಬಾಗುವುದಿಲ್ಲ. ಪ್ಯೂಜೊದ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಬ್ಲಾಕ್ ಮಾತ್ರ ಕಬ್ಬಿಣದ್ದು. ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡು ಪಟ್ಟು. ಒಮ್ಮೆ ನೀರು ಖಾಲಿಯಾಗಿ ಓಡಿದರೆ ಸಾಕು, ನಡುವೆ ಉಬ್ಬಿ ಗ್ಯಾಸ್ಕೆಟ್ ಸುಡುತ್ತದೆ, ಇಲ್ಲವೇ ವಾಲ್ವ್‌ಗಳ ನಡುವೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಎಂಎಂ540 ಕೊಳ್ಳುವವರು ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ರೇಡಿಯೇಟರು, ಫ್ಯಾನಿನ ಹಿಂದಿನ ತಗಡಿನ ಕವಚ, ಥರ್ಮೋಸ್ಟಾಟು ಮತ್ತು ಟೆಂಪರೇಚರ್ ಮೀಟರು. ಮೀಟರು ಸತ್ತಿದ್ದರೆ ‘ಎಲ್ಲ ಹಳೇ ಜೀಪಲ್ಲೂ ಹಂಗೇ ಸಾರ್’ ಎನ್ನುತ್ತಾರೆ. ಹಾಗಾದರೆ ಅದು ಎಷ್ಟು ಸಲ ಕುದಿದಿದೆ ಎಂಬುದಕ್ಕೂ ಸಾಕ್ಷಿ ಇಲ್ಲ ಎಂದು ಓದಿಕೊಳ್ಳಿ.

ಪರೀಕ್ಷೆ ಹೀಗೆ. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಎಂಜಿನ್ ಬೇಕು. ರೇಡಿಯೇಟರ್ ಮುಚ್ಚಳ ತೆಗೆದು ನೀರು ತುಂಬಿಸಿ, ಸ್ಟಾರ್ಟ್ ಮಾಡಿಸಿ, ನೀರಿನ ಮೇಲ್ಮೈ ನೋಡುತ್ತಿರಿ. ಮೊದಲೆರಡು ಗುಳ್ಳೆ ಸಹಜ, ಒಳಗೆ ಸಿಕ್ಕಿದ್ದ ಗಾಳಿ. ಆಮೇಲೂ ಒಂದೇ ಸಮನೆ ಸಣ್ಣ ಗುಳ್ಳೆ ಏಳುತ್ತಿದ್ದರೆ, ಗಾಡಿಗೆ ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಮುಚ್ಚಳ ಹಾಕಿ ಒಂದು ನಿಮಿಷ ಓಡಿಸಿ ಮೇಲಿನ ಹೋಸನ್ನು ಹಿಂಡಿ ನೋಡಿ. ನೀರಿನ್ನೂ ತಣ್ಣಗಿದ್ದರೂ ಹೋಸ್ ಕಲ್ಲಿನಂತೆ ಬಿಗಿದಿದ್ದರೆ ಹೆಡ್ ಬಿಚ್ಚುವುದು ಖಚಿತ. ಆ ಬೆಲೆ ಕಳೆದು ವ್ಯಾಪಾರ ಮಾಡಿ, ಇಲ್ಲವೇ ಕೈಮುಗಿದು ಬನ್ನಿ.

ಬಿಚ್ಚುವ ಕೆಲಸ ನಿಮ್ಮದೇ ಆದರೆ ಒಂದೆರಡು ಮಾತು. ಬಿಸಿಯಿರುವಾಗ ಹೆಡ್ ಬೋಲ್ಟಿಗೆ ಸ್ಪ್ಯಾನರ್ ಮುಟ್ಟಿಸಬೇಡಿ. ಬಿಚ್ಚಿದ ಹೆಡ್ಡಿನ ಅಡಿಯನ್ನು ಒರೆಸಿ, ಸ್ಟೀಲಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ಎಲೆ ತೂರುತ್ತದೆಯೇ ನೋಡಿ. ತೂರಿದರೆ ಲೇತಿನವನ ಬಳಿ ಫೇಸಿಂಗ್. ಗೂಡಿನ ಎಂಜಿನ್ನಿನಲ್ಲಿ ಫೇಸಿಂಗ್ ಮಾಡಿಸುವಾಗ ಎಚ್ಚರ: ಗೂಡಿನ ತುದಿಯ ಕಂಡಿ ಮತ್ತು ವಾಲ್ವ್ ತಲೆಗಳು ಹೆಡ್ಡಿನ ಮೈಗೆ ಎಷ್ಟು ಆಳದಲ್ಲಿದ್ದವೋ ಅಷ್ಟೇ ಉಳಿಯಬೇಕು. ಇದನ್ನು ಕೇಳಿ ‘ಅದೆಲ್ಲ ಏನೂ ಬೇಡ’ ಎನ್ನುವ ಲೇತಿನವನಿಗೆ ಹೆಡ್ ಕೊಡಬೇಡಿ. ಹಳೆಯ ಗ್ಯಾಸ್ಕೆಟ್ಟನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. ಪ್ಯೂಜೊಗೆ ಬೇರೆ ಬೇರೆ ದಪ್ಪದ ಗ್ಯಾಸ್ಕೆಟ್‌ಗಳಿವೆ, ಅಂಚಿನ ಗುರುತು ಹೋಲಿಸಿ ತರಬೇಕು. ಕೂರಿಸುವಾಗ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಸ್ವಲ್ಪ ದಿನ ಓಡಿದ ಮೇಲೆ ತಣ್ಣಗಿರುವಾಗ ಮತ್ತೊಮ್ಮೆ ಬಿಗಿಯಿರಿ, ಟ್ಯಾಪೆಟ್ ಕೂಡ ಆಗಲೇ ನೋಡಿ. ಎರಡೂ ವಂಶದಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಸ್ಕ್ರೂ ಡ್ರೈವರಿನ ಕೆಲಸ, ಮನೆಯಲ್ಲೇ ಆಗುತ್ತದೆ.

ನೀರಿನ ಬಗ್ಗೆ: ಬಯಲುಸೀಮೆಯ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿದರೆ ಪಾತ್ರೆಯ ಅಡಿಯಲ್ಲಿ ಕಟ್ಟುವ ಬಿಳಿ ಸುಣ್ಣವೇ ಹೆಡ್ಡಿನ ಸಂದಿಗಳಲ್ಲೂ ಕಟ್ಟುತ್ತದೆ. ಮಲೆನಾಡಿನ ಹಳ್ಳದ ನೀರಿಗೆ ಸುಣ್ಣ ಕಡಿಮೆ, ಆದರೆ ಕೆಸರಿದೆ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ. ಅಲ್ಯೂಮಿನಿಯಂ ಹೆಡ್ ಇದ್ದವರಿಗೆ ತುಕ್ಕು ತಡೆಯುವ ಕೂಲೆಂಟ್ ಕಡ್ಡಾಯವೇ ಸರಿ. ಕುದಿದ ಎಂಜಿನ್ನಿಗೆ ತಣ್ಣೀರು ಸುರಿಯುವ ನಮ್ಮವರ ಅಭ್ಯಾಸದಿಂದ ಹಾಳಾದ ಹೆಡ್ಡುಗಳಿಗೆ ಲೆಕ್ಕವಿಲ್ಲ.

ಪಂಪಿಗೆ ಕೈ ಹಾಕಬೇಡಿ, ಗಾಳಿಗೆ ಹಾಕಿ

ಡೀಸೆಲ್ ಪಂಪ್ ಎಂದರೆ ನಮ್ಮ ಕಡೆ ಈಗಲೂ ‘ಮೈಕೊ ಪಂಪ್’. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ನಾಲಿಗೆ ಬದಲಾಗಿಲ್ಲ. ಪಂಪುಗಳಲ್ಲಿ ಎರಡು ಜಾತಿ. ಸಾಲುಪಂಪು, ಅಂದರೆ ಇನ್‌ಲೈನ್, ಪ್ರತಿ ಸಿಲಿಂಡರಿಗೂ ಒಂದೊಂದು ಎಲಿಮೆಂಟ್ ಸಾಲಾಗಿ ನಿಂತದ್ದು. ಅದರ ಕ್ಯಾಮ್ ಆಯಿಲಿನಲ್ಲಿ ಮುಳುಗಿರುತ್ತದೆ, ಒರಟು ಬಾಳಿಕೆ. ರೋಟರಿಯಲ್ಲಿ ಒಂದೇ ಎಲಿಮೆಂಟ್ ತಿರುಗುತ್ತ ನಾಲ್ಕಕ್ಕೂ ಹಂಚುತ್ತದೆ. ಒಳಗಿನ ಭಾಗಗಳಿಗೆ ಎಣ್ಣೆಯ ಕೆಲಸವನ್ನೂ ಡೀಸೆಲ್ಲೇ ಮಾಡಬೇಕು. ಡೀಸೆಲ್ಲಿನಲ್ಲಿ ನೀರು ಬೆರೆತರೆ ಮೊದಲು ಸಾಯುವುದು ರೋಟರಿ. ಕ್ಯಾನಿನಲ್ಲಿ ಡೀಸೆಲ್ ತಂದು ತೋಟದಲ್ಲಿ ಇಟ್ಟು ತುಂಬಿಸುವವರು ಇದನ್ನು ಮರೆಯಬಾರದು. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಕೂತು ನೀರಾಗುತ್ತದೆ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಆಗಾಗ ನೀರು ಬಸಿಯುವುದು ಐದು ನಿಮಿಷದ ಕೆಲಸ.

ಪಂಪಿನ ಕ್ಯಾಲಿಬ್ರೇಷನ್ ಮತ್ತು ನಾಜಲ್ ಟೆಸ್ಟ್ ಮನೆಯಲ್ಲಿ ಆಗುವುದಲ್ಲ. ಅದಕ್ಕೆ ಬೆಂಚು ಬೇಕು. ಪಂಪನ್ನು ಗುರುತು ಹಾಕಿ ಬಿಚ್ಚಿ, ಜಿಲ್ಲಾ ಕೇಂದ್ರದ ಪಂಪ್ ಅಂಗಡಿಗೆ ಒಯ್ದು, ತಂದು ಅದೇ ಗುರುತಿಗೆ ಕೂರಿಸುವಷ್ಟು ನಿಮ್ಮ ಪಾಲು. ಹೊಗೆ ಕಪ್ಪಗಿದೆ ಎಂದು ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸುವ ಮೊದಲು ಏರ್ ಫಿಲ್ಟರ್ ನೋಡಿ. ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲೇ ಇರುತ್ತದೆ. ಹಳೆಯ ಜೀಪಿನಲ್ಲಿ ಎಣ್ಣೆ ತೊಟ್ಟಿಯ ಏರ್ ಫಿಲ್ಟರ್ ಇದ್ದರೆ ಗೆರೆ ಮೀರಿ ಎಣ್ಣೆ ತುಂಬಬೇಡಿ. ಆ ಎಣ್ಣೆಯನ್ನೇ ಎಳೆದುಕೊಂಡು ಎಂಜಿನ್ ತಾನೇ ತಾನಾಗಿ ಓಡತೊಡಗಿದರೆ ಕೀ ತೆಗೆದರೂ ನಿಲ್ಲದು.

ಏರ್ ತೆಗೆಯುವುದನ್ನು ಮಾತ್ರ ಪ್ರತಿಯೊಬ್ಬ ಡೀಸೆಲ್ ಜೀಪಿನವರೂ ಕಲಿತಿರಬೇಕು. ಟ್ಯಾಂಕ್ ಬರಿದಾದಾಗ, ಫಿಲ್ಟರ್ ಬದಲಿಸಿದಾಗ, ಪೈಪಿನ ಕ್ಲಿಪ್ಪು ಸಡಿಲಾದಾಗ ಲೈನಿನಲ್ಲಿ ಗಾಳಿ ಸೇರುತ್ತದೆ; ಸ್ಟಾರ್ಟರು ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಫಿಲ್ಟರಿನ ನೆತ್ತಿಯಲ್ಲಿರುವ ಬ್ಲೀಡ್ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ. ಹ್ಯಾಂಡ್ ಪ್ರೈಮರನ್ನು ಒತ್ತುತ್ತ ಹೋಗಿ. ಮೊದಲು ಸುಮ್ಮನೆ ಉಸಿರು, ಆಮೇಲೆ ನೊರೆ, ಆಮೇಲೆ ನೊರೆಯ ನಡುವೆ ಡೀಸೆಲ್ಲಿನ ಎಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಪ್ರೈಮರು ಕೈಗೆ ಬಿಗಿಯಾಗತೊಡಗುತ್ತದೆ. ಒತ್ತಿ ಹಿಡಿದೇ ಸ್ಕ್ರೂ ಬಿಗಿಯಿರಿ. ಕೈ ಬಿಟ್ಟರೆ ಹೊರಟ ಗಾಳಿ ಮತ್ತೆ ಒಳಕ್ಕೆ. ಪಂಪಿನ ಮೈಮೇಲಿನ ಸ್ಕ್ರೂವಿನಲ್ಲೂ ಹೀಗೇ. ಆಮೇಲೆ ಒಂದೆರಡು ನಾಜಲ್ಲಿನ ಪೈಪಿನ ನಟ್ಟು ಸಡಿಲಿಸಿ ಸ್ಟಾರ್ಟರ್ ಹೊಡೆದರೆ ನಟ್ಟಿನ ಬುಡದಲ್ಲಿ ಡೀಸೆಲ್ ಚಿಮ್ಮತೊಡಗುತ್ತದೆ, ಬಿಗಿದರೆ ಎಂಜಿನ್ ಕೆಮ್ಮಿ ಹಿಡಿಯುತ್ತದೆ. ಒಂದೇ ಎಚ್ಚರಿಕೆ: ಒತ್ತಡದಲ್ಲಿರುವ ನಾಜಲ್ಲಿನ ಮುಂದೆ ಬೆರಳು ಒಡ್ಡಬಾರದು. ಆ ಸೂಕ್ಷ್ಮ ಧಾರೆ ಚರ್ಮದೊಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೀಟರ್ ಪ್ಲಗ್ ಪರೀಕ್ಷೆ ಇನ್ನೂ ಸುಲಭ. ಸೇರಿಸಿದ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್ಸಿನಿಂದ ಟೆಸ್ಟ್ ಲ್ಯಾಂಪಿನ ಮೂಲಕ ಒಂದೊಂದೇ ಪ್ಲಗ್ಗಿನ ತುದಿಗೆ ಮುಟ್ಟಿಸಿ. ದೀಪ ಹತ್ತದಿದ್ದರೆ ಆ ಪ್ಲಗ್ ಸತ್ತಿದೆ. ಚಳಿಗಾಲದಲ್ಲಿ ಬಿಳಿ ಹೊಗೆ ಬಿಟ್ಟು ಒದ್ದಾಡುವ ಅನೇಕ ಎಂಎಂ540ಗಳಿಗೆ ಬೇಕಿರುವುದು ಎಂಜಿನ್ ಕೆಲಸವಲ್ಲ, ನಾಲ್ಕು ಪ್ಲಗ್ಗು ಮತ್ತು ಒಂದು ಒಳ್ಳೆಯ ಬ್ಯಾಟರಿ.

ಹೌಸಿಂಗಿನ ಹಲ್ಲು ಎಣಿಸದೆ ಎಂಜಿನ್ ಆರಿಸಬೇಡಿ

ಇದನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಪೆಟ್ರೋಲ್ ಜೀಪಿನ ಹೌಸಿಂಗಿನಲ್ಲಿ, ಅಂದರೆ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿನಲ್ಲಿ, 43ಕ್ಕೆ 8 ಹಲ್ಲು, ಅಂದರೆ 5.38 ಅನುಪಾತ. 39ಕ್ಕೆ 8 ಇದ್ದರೆ 4.88. ಇನ್ನೂ ಉದ್ದನೆಯ 3.73ರಂಥವೂ ಇವೆ. 6.00-16 ಟಯರಿನ ಸುತ್ತಳತೆ ಸುಮಾರು 2.25 ಮೀಟರ್ ಎಂದಿಟ್ಟುಕೊಂಡರೆ, ಟಾಪ್ ಗೇರಿನಲ್ಲಿ ಎಂಜಿನ್ 3000 ಸುತ್ತು ತಿರುಗುವಾಗ 5.38ರಲ್ಲಿ ಗಾಡಿ ಓಡುವುದು ಗಂಟೆಗೆ ಸುಮಾರು 75 ಕಿ.ಮೀ., 4.88ರಲ್ಲಿ 83, 3.73ರಲ್ಲಿ 109.

ಟ್ರ್ಯಾಕ್ಟರ್ ವಂಶದ ಎಂಜಿನ್ನಿಗೆ 3000 ಎಂದರೆ ಹೆಚ್ಚುಕಡಿಮೆ ಉಸಿರಿನ ಕೊನೆ. ಅದನ್ನು 5.38ರ ಹೌಸಿಂಗಿಗೆ ಕಟ್ಟಿದರೆ ಹೆದ್ದಾರಿಯಲ್ಲಿ ಅರವತ್ತಕ್ಕೇ ಅರಚುತ್ತದೆ, ಹಿಂದಿನ ಬಸ್ಸಿನವನ ಹಾರನ್ನೂ ಕೇಳಿಸುವುದಿಲ್ಲ. ಅದೇ ಹೌಸಿಂಗಿಗೆ 4000ದವರೆಗೆ ನಿರಾಯಾಸವಾಗಿ ತಿರುಗುವ ಪ್ಯೂಜೊ ಹೊಂದುತ್ತದೆ. ತದ್ವಿರುದ್ಧವಾಗಿ, ಉದ್ದನೆಯ ಅನುಪಾತಕ್ಕೆ 2112ರ ಪ್ಯೂಜೊ ಕಟ್ಟಿದರೆ ಏರಿನಲ್ಲಿ ಕ್ಲಚ್ ಸುಟ್ಟುಕೊಳ್ಳಬೇಕು. ಲೋ ಗೇರು ಹಾಕಿದರೆ ಸುಮಾರು ಎರಡೂವರೆ ಪಟ್ಟು ಬಲ ಸಿಗುತ್ತದೆ ನಿಜ, ಆದರೆ ಡಾಂಬರು ರಸ್ತೆಯ ಪ್ರತಿ ಏರಿಗೂ ಫೋರ್ ವ್ಹೀಲ್ ಲೋ ಹಾಕಿಕೊಂಡು ಹೋಗಲಾಗದು.

ಅನುಪಾತ ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಟ್ಟು, ಒಂದೇ ಹಿಂಚಕ್ರವನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡ್ ಕೊಡಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಹಳೆಯ ಜೀಪಿನಲ್ಲಿ ಅದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಶಾಫ್ಟಿಗೆ ಚಾಕ್‌ಪೀಸಿನ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಭಾಗ ಹೋದರೆ 5.38, ಐದಕ್ಕೆ ಸ್ವಲ್ಪ ಕಡಿಮೆಯಾದರೆ 4.88.

ಕಸಿ ಮಾಡಿದ ಎಂಜಿನ್ನುಗಳು

ಕೇರಳದ ಗಡಿಯಲ್ಲೂ ಮಲೆನಾಡಿನಲ್ಲೂ ಕ್ವಾಲಿಸಿನ ಎಂಜಿನ್ ಕೂರಿಸಿದ ಜೀಪುಗಳು ಕಾಣಸಿಗುತ್ತವೆ. ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸಿನಲ್ಲಿದ್ದದ್ದು 2446 ಸಿಸಿಯ ಟೊಯೋಟ 2ಎಲ್, ಬೋರೂ ಸ್ಟ್ರೋಕೂ 92. ನಯವಾದ ಎಂಜಿನ್, ಬಾಳಿಕೆಗೆ ಹೆಸರಾದದ್ದು. ಆದರೆ ಇದಕ್ಕೆ ಟೈಮಿಂಗ್ ಬೆಲ್ಟ್ ಇದೆ. ಬೆಲ್ಟ್ ಯಾವಾಗ ಬದಲಿಸಿದ್ದು ಎಂಬುದಕ್ಕೆ ಗುಜರಿಯಿಂದ ಬಂದ ಎಂಜಿನ್ನಿನ ಬಳಿ ಉತ್ತರವಿಲ್ಲ. ತುಂಡಾದರೆ ವಾಲ್ವ್ ಬಾಗುತ್ತದೆ. ಟೆಂಪೊ ಟ್ರಾವೆಲರ್, ಟ್ರ್ಯಾಕ್ಸ್‌ಗಳಲ್ಲಿದ್ದ ಮರ್ಸಿಡಿಸ್ ಮೂಲದ ಓಎಂ616 ಕೂಡ ಒಳ್ಳೆಯ ಯಂತ್ರವೇ.

ತೊಡಕು ಎಂಜಿನ್ನಿನದಲ್ಲ, ಕಾಗದದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರಗಳನ್ನು ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿತು. ಅದೇ ಬಗೆಯ ಎಂಜಿನ್ ಬದಲಿಸುವುದಾದರೂ ಆರ್‌ಟಿಒ ಅನುಮತಿ ಪಡೆದು ಹೊಸ ನಂಬರನ್ನು ಆರ್‌ಸಿಗೆ ಹತ್ತಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು ಮುಂದೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಆಗ ಇನ್‌ಸ್ಪೆಕ್ಟರು ಚಾಸಿಸ್ ಮತ್ತು ಎಂಜಿನ್ ನಂಬರನ್ನು ಪೆನ್ಸಿಲ್ಲಿನಲ್ಲಿ ಉಜ್ಜಿ ತಾಳೆ ನೋಡುತ್ತಾರೆ. ನಂಬರು ಹೊಂದದಿದ್ದರೆ ಗಾಡಿ ತೋಟದ ಗೇಟು ದಾಟದು. ಅಪಘಾತವಾದರೆ ವಿಮೆಯವರೂ ಇದನ್ನೇ ಹಿಡಿಯುತ್ತಾರೆ. ಆದ್ದರಿಂದ ಆರ್‌ಸಿಯಲ್ಲಿ ಎಂದೋ ಸರಿಯಾಗಿ ನಮೂದಾಗಿದ್ದರೆ ಮಾತ್ರ ಕಸಿ ಜೀಪಿನ ಮಾತಾಡಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಕೂರಿಸಿದ್ದರೆ ಇಂಧನದ ಕಾಲಮ್ಮಿನಲ್ಲಿ ಏನಿದೆ ಎಂದೂ ನೋಡಿ.

ನೋಡಲು ಹೋದ ದಿನ

ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಟೀ ಕುಡಿದು ಬರುತ್ತೇನೆಂದು ಹೇಳಿ ನಾಲ್ಕು ಗಂಟೆ ಬಿಟ್ಟು ಬನ್ನಿ. ಸ್ಟಾರ್ಟ್ ಆದ ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯಿಯ ಮೇಲೆ ತಲೆಕೆಳಗಾಗಿ ಸುಮ್ಮನೆ ಇಡಿ. ಚೂರು ಕುಣಿದರೆ ಚಿಂತೆಯಿಲ್ಲ, ಹಾರಿ ಬಿದ್ದರೆ ರಿಂಗು ಸವೆದಿವೆ. ಮೊದಲ ಬಿಳಿ ಹೊಗೆ ಬಿಸಿಯಾದ ಮೇಲೆ ನಿಲ್ಲಬೇಕು. ಏರಿನಲ್ಲಿ ಪೂರ್ತಿ ಒತ್ತಿದಾಗ ತುಸು ಕಪ್ಪು ಹೊಗೆ ಹಳೆಯ ಎಂಜಿನ್ನಿನ ಸಹಜ ಗುಣ. ನೀಲಿ ಹೊಗೆ ಮಾತ್ರ ಆಯಿಲ್ ಉರಿಯುವ ಗುರುತು. ಚೆನ್ನಾಗಿ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಆಯಿಲ್ ಪ್ರೆಷರ್ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ನೆಲ ಕಚ್ಚಿದರೆ ಬೇರಿಂಗಿನ ಖರ್ಚು ಕಾದಿದೆ.

‘ಎಂಜಿನ್ ಹೊಸದಾಗಿ ಮಾಡ್ಸಿದ್ದಣ್ಣ, ಆರು ತಿಂಗಳೂ ಆಗಿಲ್ಲ’ ಎಂದರೆ ಬಿಲ್ಲು ಕೇಳಿ. ಯಾವ ಸೈಜಿನ ಪಿಸ್ಟನ್, ಕ್ರ್ಯಾಂಕ್ ಎಷ್ಟು ಗ್ರೈಂಡ್ ಆಗಿದೆ ಎಂಬುದು ಬಿಲ್ಲಿನಲ್ಲಿರುತ್ತದೆ. ಅದು ಗೊತ್ತಿಲ್ಲದೆ ಮುಂದಿನ ಸಾಮಾನು ತರಿಸಲಾಗದು. ಸಾಮಾನಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ಮಹೀಂದ್ರದ ಈಚಿನ 275 ಡಿಐ ಟ್ರ್ಯಾಕ್ಟರಿನ ಬೋರು ಕೂಡ 88.9 ಮಿ.ಮೀ., ಅದರ ಕಿಟ್ ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ಅದು ಮೂರು ಸಿಲಿಂಡರಿನದು, ಸ್ಟ್ರೋಕು 110. ಜೀಪಿನ ಸ್ಟ್ರೋಕು 101.6. ಬೋರು ಹೊಂದಿತೆಂದು ಪಿಸ್ಟನ್ ತಂದವರು ವಾಪಸ್ ಕೊಡಲು ಮತ್ತೊಮ್ಮೆ ಬಸ್ಸು ಹತ್ತಬೇಕಾಗುತ್ತದೆ.

ಇಷ್ಟರ ಮೇಲೆ ನನ್ನ ಅಭಿಪ್ರಾಯ. ತೋಟದೊಳಗೆ ಗೊಬ್ಬರ, ಕಾಫಿ ಮೂಟೆ, ಅಡಿಕೆಗೊನೆ ಹೊರುವ, ವಾರಕ್ಕೊಮ್ಮೆ ಪೇಟೆಗೆ ಹೋಗುವ ಗಾಡಿಗೆ 2523ರ ಡಿಐ. ಟರ್ಬೊ ಇಲ್ಲದ್ದಾದರೆ ಇನ್ನೂ ಒಳ್ಳೆಯದು, ಬಿಚ್ಚಲು ಕಡಿಮೆ, ಕೆಡಲು ಕಡಿಮೆ. ಬೊಲೆರೊದ ದೆಸೆಯಿಂದ ಸಾಮಾನಿಗೆ ಬರವಿಲ್ಲ. ತಿಂಗಳಿಗೊಮ್ಮೆ ಬೆಂಗಳೂರಿಗೂ ಹೋಗಬೇಕು, ಮನೆಯವರೂ ಜೊತೆಗೆ ಕೂರಬೇಕು ಎಂದರೆ ಎಕ್ಸ್‌ಡಿ3ಪಿ. 2112ರ ಪ್ಯೂಜೊವನ್ನು, ಅದರ ದನಿಗೆ ಸೋತವರು, ರೇಡಿಯೇಟರಿಗೆ ದುಡ್ಡು ಹಾಕಲು ಸಿದ್ಧರಿದ್ದರೆ ಇಟ್ಟುಕೊಳ್ಳಬಹುದು; ನಾನಾದರೆ ಹೆಡ್ ಬಿಚ್ಚಿ ನೋಡದೆ ಕೊಳ್ಳುವುದಿಲ್ಲ. 2350ರ ಹಳೆಯ ಇಂಟರ್‌ನ್ಯಾಷನಲ್ ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ, ಕೆಟ್ಟ ಸ್ಥಿತಿಯಲ್ಲಿ ಸಿಕ್ಕರೆ ಮುಟ್ಟಬೇಡಿ. ಅದರ ಪಿಸ್ಟನ್ನಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಸುತ್ತುವುದು ಕೆಲವರಿಗೆ ಹಬ್ಬ, ಉಳಿದವರಿಗೆ ಶಿಕ್ಷೆ.

ಗಾಡಿ ಮನೆಗೆ ಬಂದ ವಾರದಲ್ಲೇ ಡೀಸೆಲ್, ಆಯಿಲ್, ಏರ್ ಫಿಲ್ಟರುಗಳನ್ನು ಬದಲಿಸಿ, ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಹೊಸದು ಹಾಕಿ. ಹೆಡ್ ಗ್ಯಾಸ್ಕೆಟ್, ನೀರಿನ ಪಂಪಿನ ಕಿಟ್, ಫ್ಯಾನ್ ಬೆಲ್ಟ್ ಮತ್ತು ಪ್ಯೂಜೊ ಆದರೆ ಎರಡು ಹೀಟರ್ ಪ್ಲಗ್ ತಂದು ಶೆಡ್ಡಿನಲ್ಲಿಡಿ. ಸೀಟಿನ ಅಡಿಯಲ್ಲಿ ಹತ್ತು ಲೀಟರ್ ನೀರು, ಬ್ಲೀಡ್ ಸ್ಕ್ರೂವಿಗೆ ಹೊಂದುವ ಸ್ಪ್ಯಾನರು, ಬಿಡಿ ತಾಮ್ರದ ವಾಷರುಗಳು ಇರಲಿ. ಆ ಸ್ಕ್ರೂವಿನಡಿಯ ವಾಷರು ಕತ್ತಲಲ್ಲಿ ಬಿದ್ದರೆ ಸಿಗುವುದಿಲ್ಲ.